ಕೆಳರೆಪ್ಪೆಯ ಕೆಂಪು

ಮಲುಟಿ ಬೆಟ್ಟದಲ್ಲಿ ಸೂರ್ಯ ಹುಟ್ಟಿದರೆ ಸಾಲದು, ಮೊಖೆತಿ ಒಪ್ಪಬೇಕು. ಅವನ ಕುರಿಗಳು ದೊಡ್ಡಿಯಿಂದ ಹೊರಬೀಳುವುದು ಆಮೇಲೆಯೇ. ಊರಿನ ಕುರಿಗಳೆಲ್ಲ ಅರ್ಧ ಹೊಟ್ಟೆ ಮೇದಿರುವಾಗ ಈತ ಕಂಬಳಿ ಹೊದ್ದು, ಬರಿಗಾಲಲ್ಲಿ ಹುಲ್ಲು ತುಳಿದು ಬಂದು, ಅಂಗಾಲು ಮುಟ್ಟಿ ನೋಡಿ, "ಇನ್ನೂ ಒದ್ದೆ. ಮರಿಹುಳ ಹುಲ್ಲಿನ ತುದೀಲೇ ಕೂತಿವೆ. ಇಬ್ಬನಿ ಆರಲಿ, ಬುಡಕ್ಕೆ ಇಳೀತವೆ" ಎಂದು ಮತ್ತೆ ಕೂರುತ್ತಾನೆ. ಬಿಸಿಲಿಗೆ ಹೆದರಿ ಹಿಕ್ಕೆಯೊಳಗೆ ಅಡಗಿ, ಮಳೆ ಬಿದ್ದೊಡನೆ ಎದ್ದುಬರುವ ಆ ಹುಳಗಳನ್ನು ಹೋಗದ ನೆಂಟರನ್ನು ಬೈಯುವಂತೆ ಬೈಯುತ್ತಾನೆ. ಹುಲ್ಲಿನ ಜೊತೆ ಹೊಟ್ಟೆ ಸೇರಿದ ಹುಳ ರಕ್ತ ಹೀರಿದರೆ ಕುರಿಯ ಕಣ್ರೆಪ್ಪೆಯ ಒಳಗು ಬೆಳ್ಳಗಾಗುತ್ತದೆ; ಹಾಗಾಗಿ ಒಂದೊಂದರ ಕೆಳರೆಪ್ಪೆಯನ್ನೂ ಎಳೆದು ನೋಡದೆ ಅವನಿಗೆ ಗಂಜಿ ಇಳಿಯುವುದಿಲ್ಲ. ಈಗೀಗ ಈ ಚಾಳಿ ಮನುಷ್ಯರಿಗೂ ಹಬ್ಬಿದೆ. ಪಾದ್ರಿ, ಊರಿನ ಮುಖ್ಯಸ್ಥ, ಹೊಸ ಮದುವಣಗಿತ್ತಿ, ಯಾರನ್ನೂ ಬಿಟ್ಟಿಲ್ಲ. ಜನ ನಗುತ್ತಾರೆ. ಹೋದ ಮಳೆಗಾಲದ ಒಂದು ಬೆಳಿಗ್ಗೆ ಹೆಂಡತಿ ಮಲೆರಾಟೊ ನೀರಿನ ಬಕೆಟ್ ಇಳಿಸಿ, ಏದುಸಿರು ಬಿಡುತ್ತ ದೊಡ್ಡಿಯ ಕಲ್ಲಿಗೆ ಒರಗಿ, "ನನ್ನ ಕಣ್ಣೂ ಒಂಚೂರು ನೋಡು ಮಾರಾಯ" ಅಂದಿದ್ದಳು. "ನೀನೇನು ಹುಲ್ಲು ತಿಂತೀಯಾ?" ಎಂದು ನಕ್ಕು, ಅವನು ಮುಂದಿನ ಕುರಿಯನ್ನು ಎಳೆದುಕೊಂಡಿದ್ದ. ಮೈಯಲ್ಲಿ ರಕ್ತವೇ ಇರಲಿಲ್ಲ ಎಂದರು ಆಸ್ಪತ್ರೆಯವರು, ಎಲ್ಲ ಮುಗಿದ ಮೇಲೆ. ಅವಳ ರೆಪ್ಪೆಯನ್ನು ಅವನು ಮುಟ್ಟಿದ್ದು, ಮುಚ್ಚುವುದಕ್ಕೆ. ನಿನ್ನೆ ಪಕ್ಕದ ಮನೆಯ ಸೊಸೆಯ ಕಣ್ಣಿಗೆ ಕೈ ಹಾಕಿದಾಗ ಅವಳು ಕಿಸಕ್ಕನೆ ನಕ್ಕು, "ಬಿಡಜ್ಜ, ನಾನೇನು ಹುಲ್ಲು ತಿಂತೀನಾ?" ಅಂದಳು. ಮೊಖೆತಿ ಕೆಂಪು ಕಾಣುವ ತನಕ ಬೆರಳು ತೆಗೆಯಲಿಲ್ಲ.