ಬಾಗಿಲ ಹಿಂದಿನ ಉತ್ತರಗಳು

ಗೆಳೆಯರೇ, ಇವತ್ತು ಡೊಂಬಿವಲಿಯ ಒಂದು ಫ್ಲಾಟಿಗೆ ಸಮೀಕ್ಷೆಗೆಂದು ಹೋಗಿದ್ದೆ. ತಾಯಿ ಮತ್ತು ಹದಿಹರೆಯದ ಮಗಳ ಮಾನಸಿಕ ಆರೋಗ್ಯದ ಕುರಿತು ನಮ್ಮ ಅಧ್ಯಯನ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ತಾಯಿ ತಮ್ಮ ಕುರಿತ ಎಲ್ಲ ಪ್ರಶ್ನೆಗೂ "ಇಲ್ಲ" ಎಂದರು.

"ಮಗಳು ಒಳಗಿದ್ದಾಳೆ, ಅವಳಿಗೆ ನಾಚಿಕೆ. ನಾನೇ ಕೇಳಿ ಹೇಳ್ತೇನೆ," ಎಂದು ಬೆಡ್‌ರೂಮಿನ ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟರು. ನನಗೇನೂ ಕೇಳಿಸಲಿಲ್ಲ.

"ನಿದ್ದೆ ಬರುದಿಲ್ಲಂತೆ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳ್ತಾಳಂತೆ."

ನಿಯಮ ಮರೆತು ಬರೆದುಕೊಂಡೆ.

ಅಷ್ಟರಲ್ಲಿ ಹೊರಬಾಗಿಲು ತೆರೆದು ಮಗಳು ಬಂದಳು, ಬೆನ್ನಿಗೆ ಕ್ಲಾಸಿನ ಬ್ಯಾಗು. ನನ್ನ ಕೈಯಲ್ಲಿದ್ದ ಫಾರ್ಮು ಓದಿದಳು.

"ಆಂಟಿ, ಇದೆಲ್ಲ ಸಚ್, ನಿಜವೇ. ಆದ್ರೆ ನಾನು ಯಾರಿಗೂ ಹೇಳ್ಲೇ ಇಲ್ಲ."

ತಾಯಿ ಇನ್ನೂ ಆ ಖಾಲಿ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ಮುಂದಿನ ಉತ್ತರಕ್ಕೆ ಕಾಯುತ್ತಿದ್ದರು. ನನ್ನ ಫಾರ್ಮಿನ ಪ್ರಕಾರ ಆಕೆಗೆ ಯಾವ ತೊಂದರೆಯೂ ಇಲ್ಲ.