ರುಸೈಲ್‌ಗೆ ಬಂದ ಬಂದೂಕು ವಿನ್ಯಾಸಕ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಒಮಾನಿನ ರುಸೈಲಿನಲ್ಲಿ, ಒಂದು ಪಂಪ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಕಾರ್ಖಾನೆಯ ಒಡೆಯರಾದ ಒಮಾನಿಯನ್ನು ನಾವೆಲ್ಲ ಕಫೀಲ್ ಎನ್ನುತ್ತಿದ್ದೆವು. ನಮ್ಮ ಮ್ಯಾನೇಜರ್ ಉಡುಪಿ ಕಡೆಯವರು, ನನ್ನೊಡನೆ ತುಳುವಿನಲ್ಲೇ ಮಾತಾಡುತ್ತಿದ್ದರು. ನನ್ನನ್ನು ವೀಸಾ ಕೊಟ್ಟು ಕರೆಸಿಕೊಂಡವರೂ ಅವರೇ. ಸ್ವಂತ ಅಣ್ಣನಿಗಿಂತ ಹೆಚ್ಚು ಅವರನ್ನು ನಂಬಿದ್ದೆ.

ಆ ವರ್ಷ ರಷ್ಯಾದಿಂದ ಒಬ್ಬ ಮುದುಕರು ನಮ್ಮ ಡಿಸೈನ್ ಕೋಣೆಗೆ ಬಂದರು. ಜೀವಮಾನವಿಡೀ ಬಂದೂಕು ವಿನ್ಯಾಸ ಮಾಡಿದವರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅವರ ವಿಭಾಗವೇ ಮುಚ್ಚಿತ್ತು. ಅವರಿಗೂ ನನಗೂ ಇದ್ದದ್ದು ಹರಕು ಇಂಗ್ಲಿಷ್. ಬಾಕಿಯದನ್ನು ಪೆನ್ಸಿಲ್ ಹೇಳುತ್ತಿತ್ತು.

ಮಧ್ಯಾಹ್ನ ನನ್ನ ಬುತ್ತಿಯ ಮೀನುಸಾರು ಹಂಚಿಕೊಳ್ಳುತ್ತಾ ಅವರು ತಮ್ಮ ಕತೆ ಹೇಳಿದರು. ಯುದ್ಧಕಾಲದಲ್ಲಿ, ಹದಿನಾಲ್ಕನೇ ವಯಸ್ಸಿಗೇ, ಕಾರ್ಖಾನೆಯಲ್ಲಿ ಅರ ಹಿಡಿದು ಬಂದೂಕಿನ ಟ್ರಿಗರುಗಳನ್ನು ಉಜ್ಜಿದವರು. ಸಂಜೆ ಶಾಲೆಯಲ್ಲಿ ಓದಿ ವಿನ್ಯಾಸಕರಾದರು. ಮೂವತ್ತು ದಾಟುವ ಹೊತ್ತಿಗೆ, ಕೆಸರಿನಲ್ಲಿ ಅದ್ದಿ ತೆಗೆದರೂ ಕಚ್ಚಿಕೊಳ್ಳದ ಒಂದು ರೈಫಲ್ ಮಾಡಿದರು. ಪರೀಕ್ಷೆಯಲ್ಲಿ ಅದು ಗೆದ್ದಿತು. ಆದರೆ ಪದಕ ಹೋದದ್ದು ವಿಭಾಗದ ಮುಖ್ಯಸ್ಥನ ಎದೆಗೆ. ನಕ್ಷೆಗಳನ್ನು ಆ ಮುಖ್ಯಸ್ಥನ ಹೆಸರಿನಲ್ಲಿ ತಿರುಗಿ ಬರೆದುಕೊಟ್ಟವನು ಪಕ್ಕದ ಮೇಜಿನ ಗೆಳೆಯ.

"ಮುಖ್ಯಸ್ಥನ ಮೇಲೆ ಸಿಟ್ಟು ಬರಲಿಲ್ಲವೇ ಸರ್?" ಎಂದು ಕೇಳಿದೆ.

"ಮುಖ್ಯಸ್ಥ ಕಳ್ಳ ಎಂದು ನನಗೆ ಮೊದಲೇ ಗೊತ್ತಿತ್ತು," ಎಂದರು. "ಗೆಳೆಯನ ವಿಷಯ ಗೊತ್ತಿರಲಿಲ್ಲ." ಮತ್ತೆ ಮೂವತ್ತು ವರ್ಷ ಅದೇ ಕೋಣೆಯಲ್ಲಿ ಬೇಟೆ ಕೋವಿಗಳ ನಕ್ಷೆ ಬರೆಯುತ್ತಾ ಕೂತರಂತೆ.

ನಮ್ಮ ಪಂಪುಗಳ ತೊಂದರೆ ಮರಳು. ತೋಟದ ಬಾವಿಗಳಿಂದ ನೀರಿನ ಜೊತೆ ಮರಳೂ ಬಂದು ವಾಲ್ವ್ ಕಚ್ಚಿಕೊಳ್ಳುತ್ತಿತ್ತು. ನಾವೆಲ್ಲ ಅದನ್ನು ಇನ್ನೂ ಬಿಗಿ ಮಾಡಲು ನೋಡಿದ್ದೆವು. ಅವರು ಸಡಿಲ ಮಾಡಿದರು. "ಮರಳಿಗೆ ಜಾಗ ಕೊಡು, ಅದು ತಾನೇ ಹೊರಗೆ ಹೋಗುತ್ತದೆ. ಬಂದೂಕಿನಲ್ಲೂ ಹೀಗೆಯೇ," ಎಂದರು. ನಾಲ್ಕು ತಿಂಗಳು ಅವರು ಹೇಳಿದಂತೆ ನಾನು ನಕ್ಷೆ ಬರೆದೆ. ಆ ಹೊಸ ವಾಲ್ವ್ ಒಮ್ಮೆಯೂ ಕಚ್ಚಿಕೊಳ್ಳಲಿಲ್ಲ.

ಆಮೇಲೆ ಮ್ಯಾನೇಜರ್ ನನ್ನನ್ನು ಕರೆದು, ವಿನ್ಯಾಸಕನ ಹೆಸರಿನ ಜಾಗದಲ್ಲಿ ತಮ್ಮ ಹೆಸರು ಹಾಕಿ ನಕ್ಷೆಗಳನ್ನು ಹೊಸದಾಗಿ ಬರೆಯಲು ಹೇಳಿದರು.

"ಅವರದ್ದಲ್ವಾ ಅಣ್ಣಾ ಅದು?"

"ಕಫೀಲ್‌ಗೆ ತೋರಿಸ್ಲಿಕ್ಕೆ ಮಾತ್ರ ಮಾರಾಯ. ಮತ್ತೆ ಅವರ ಹೆಸರೇ ಹಾಕುವ. ನಾನು ನಿಂಗೆ ಸುಳ್ಳು ಹೇಳ್ತೇನಾ?"

ಮುದುಕರ ಗೆಳೆಯನ ಕತೆ ನನಗೆ ಮರೆತಿರಲಿಲ್ಲ. ಆದರೂ ಬರೆದುಕೊಟ್ಟೆ.

ಎರಡು ವಾರದ ನಂತರ ಕಾರ್ಖಾನೆಯಲ್ಲಿ ಸಣ್ಣ ಸಮಾರಂಭ ನಡೆಯಿತು. ಗೋಡೆಯ ಮೇಲೆ ಚೌಕಟ್ಟಿನಲ್ಲಿ ಆ ನಕ್ಷೆ, ಕೆಳಗೆ ಮ್ಯಾನೇಜರರ ಹೆಸರು. ಕಫೀಲ್ ಬಂದು ಮ್ಯಾನೇಜರರನ್ನು ತಬ್ಬಿಕೊಂಡು ಅಭಿನಂದಿಸಿದರು. ಮುದುಕರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ, ತುಂಬ ಹೊತ್ತು ನೋಡಿದರು.

"ಅಕ್ಷರ ನಿನ್ನದು," ಎಂದರು.

"ಹೌದು ಸರ್. ಆಮೇಲೆ ನಿಮ್ಮ ಹೆಸರು ಹಾಕುತ್ತೇವೆ ಎಂದಿದ್ದರು."

"ನೀನು ನಂಬಿದೆಯಾ?"

ನಂಬಬೇಕೆಂದು ಮನಸ್ಸನ್ನು ಒಪ್ಪಿಸಿಕೊಂಡಿದ್ದೆ, ಅಷ್ಟೇ.

ಮರುದಿನ ನಾನು ಮ್ಯಾನೇಜರರ ಕೋಣೆಗೆ ಹೋಗಿ, ಕೊಟ್ಟ ಮಾತನ್ನು ನೆನಪಿಸಿದೆ. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಎಂತ ಮಾತು? ಅವರ ವೀಸಾ ಕ್ಯಾನ್ಸಲ್‌ಗೆ ಹೋಗಿ ಆಯ್ತು. ಖಲಾಸ್. ನಕ್ಷೆ ಬರೆದದ್ದು ನೀನೇ ಅಲ್ವಾ? ಯಾರಾದ್ರೂ ಕೇಳಿದ್ರೆ ನೀನೇ ಉತ್ತರ ಹೇಳ್ಬೇಕಾಗ್ತದೆ." ಈ ಸಲ ಅವರು ತುಳು ಬಿಟ್ಟು ಕನ್ನಡದಲ್ಲಿ ಮಾತಾಡಿದರು. ಅಣ್ಣ ಎಂದು ಕರೆಯುತ್ತಾ ನಾನು ಯಾರ ಕೈಯ ಉಪಕರಣವಾಗಿದ್ದೆ ಎಂಬುದು ಆಗ ತಿಳಿಯಿತು.

ಮುದುಕರು ಹೊರಟ ಬೆಳಿಗ್ಗೆ ಅವರ ಪೆಟ್ಟಿಗೆಯನ್ನು ನಾನೇ ಪಿಕಪ್‌ಗೆ ಏರಿಸಿದೆ. ಅವರು ಡ್ರೈವರನ ಕೈ ಕುಲುಕಿದರು, ಕಾವಲುಗಾರನ ಕೈ ಕುಲುಕಿದರು. ನನ್ನ ಮುಂದೆ ಬಂದಾಗ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ತಲೆಯಾಡಿಸಿ, ಗಾಡಿ ಹತ್ತಿದರು. ನಾನು ಒಳಗೆ ಹೋಗಿ ಮ್ಯಾನೇಜರ್ ನನ್ನ ಮೇಜಿನ ಮೇಲಿಟ್ಟಿದ್ದ ಮುಂದಿನ ಕೆಲಸಕ್ಕೆ ಕೂತೆ. ಇನ್ನೂ ಮೂರು ವರ್ಷ ಅಲ್ಲೇ ದುಡಿದೆ.