ಜಯಣ್ಣನಿಗೆ ಬೇಕಾದ ಕತ್ತಲೆ

ಕೊಲ್ಲಮೊಗ್ರಿನ ಅರ್ಧದಷ್ಟು ಮನೆಗಳಿಗೆ ಕರೆಂಟು ಎಳೆದು ನಿವೃತ್ತನಾದ ಲೈನ್‌ಮ್ಯಾನ್ ಜಯಪ್ರಕಾಶನಿಗೆ ಈಗ ಬಲ್ಬು ಕಂಡರಾಗುವುದಿಲ್ಲ. ಮೂರು ಚಳಿಗಾಲದಿಂದ ಅವನು ಅಂಗಳದಲ್ಲಿ ಟೆಲಿಸ್ಕೋಪು ಇಟ್ಟುಕೊಂಡು, ಆಂಡ್ರೋಮಿಡಾ ಗ್ಯಾಲಕ್ಸಿಯ ಒಂದೇ ಒಂದು ನಕ್ಷತ್ರಗುಚ್ಛವನ್ನು ಹುಡುಕುತ್ತಿದ್ದಾನೆ. ಲಕ್ಷಾಂತರ ನಕ್ಷತ್ರಗಳ ಆ ಉಂಡೆ ಇಲ್ಲಿಂದ ನೋಡಿದರೆ ಎರಡು ಚುಕ್ಕಿಗಳ ನಡುವಿನ ಮಸುಕು, ಅಷ್ಟೇ. ಅದು ಕಾಣಬೇಕಾದರೆ ಕಣ್ಣು ಅರ್ಧ ಗಂಟೆ ಕತ್ತಲೆಗೆ ಪಳಗಬೇಕು.

ಪಳಗಲು ಊರಿನವರು ಬಿಡಬೇಕಲ್ಲ! ಲೈನ್‌ಮ್ಯಾನನ ಮನೆಯಲ್ಲೇ ದೀಪವಿಲ್ಲವೆಂದರೆ ಲೈನಿಗೇ ಏನೋ ಆಗಿದೆ ಎಂದು ಜನರ ಲೆಕ್ಕ. ನೆರೆಮನೆಯ ಬೋಜಪ್ಪ ದಿನಾ ಬಂದು, "ಎಂತ ಜಯಣ್ಣ, ಕರೆಂಟ್ ಇಲ್ವಾ?" ಎಂದು ಮುಖಕ್ಕೇ ಟಾರ್ಚು ಬಿಡುತ್ತಿದ್ದ. ಪಳಗಿದ ಕಣ್ಣು ಅಲ್ಲಿಗೆ ಹಾಳು.

ಮೊನ್ನೆ ಏಳೂವರೆಗೆ ನಿಜವಾಗಿಯೂ ಊರಿಡೀ ಕರೆಂಟು ಹೋಯಿತು. ಎಂಟು ಗಂಟೆಗೆ ಎರಡು ಚುಕ್ಕಿ ಕಂಡವು. ನಡುವೆ ಏನೋ ಮಸುಕು... ಜಯಪ್ರಕಾಶ ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಟಾರ್ಚು!

"ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಹೋಗಿದೆ ಜಯಣ್ಣ. ಹೊಸ ಲೈನ್‌ಮ್ಯಾನ್ ಫೋನ್ ತೆಗೆಯುದಿಲ್ಲ."

"ನಾನು ರಿಟೈರ್ ಆಗಿ ನಾಲ್ಕು ವರ್ಷ ಆಯ್ತು ಮಾರಾಯ!" ಎಂದು ಜಯಪ್ರಕಾಶ ಕಿರುಚಿದ. ಬೋಜಪ್ಪ ಅಲುಗಲಿಲ್ಲ. ಕೊನೆಗೆ ದಾರಿಯುದ್ದಕ್ಕೂ ಬೈಯುತ್ತಲೇ ಹೋಗಿ ಫ್ಯೂಸ್ ಕಟ್ಟಿದ್ದೂ ಜಯಪ್ರಕಾಶನೇ. ಗುಡ್ಡದ ತುಂಬ ದೀಪಗಳು ಹತ್ತಿಕೊಂಡವು, ಎಲ್ಲ ಅವನೇ ಎಳೆದ ಲೈನುಗಳು.

"ಇನ್ನು ಹೋಗಿ ಆರಾಮಲ್ಲಿ ನೋಡಿ ಜಯಣ್ಣ," ಎಂದ ಬೋಜಪ್ಪ. "ಆ ಕತ್ತಲೆಯಲ್ಲಿ ನಿಮಗೆ ಎಂತ ಕಾಣುದು?"